ಪಕ್ಕದ ಮನೆಗೂ ಒಂದು ಲೆಕ್ಕ: ಸಿಂಗಪುರದ ವಸತಿ ಮಿತಿ ನೀತಿಯ ಪ್ರಕರಣ ಅಧ್ಯಯನ

ಸಿಂಗಪುರದ ಸರ್ಕಾರಿ ಬಡಾವಣೆಯಲ್ಲಿ 120 ಫ್ಲಾಟುಗಳ ಒಂದು ಬ್ಲಾಕ್ ಇದೆ ಎಂದಿಟ್ಟುಕೊಳ್ಳಿ. 104 ಮನೆಗಳಲ್ಲಿ ಚೀನೀಯರಿದ್ದಾರೆ, 9ರಲ್ಲಿ ಮಲಯರು, 7ರಲ್ಲಿ ಭಾರತೀಯರು. ಆ ಏಳರಲ್ಲಿ ಒಂದು ಮನೆಯವರು ಫ್ಲಾಟು ಮಾರಬೇಕೆಂದಿದ್ದಾರೆ. ಕೊಳ್ಳಲು ಬಂದ ಚೀನೀ ದಂಪತಿ ಕೇಳಿದ ಬೆಲೆಗೆ ಒಪ್ಪಿದ್ದಾರೆ. ಆದರೂ ಈ ವ್ಯಾಪಾರ ನಡೆಯುವಂತಿಲ್ಲ, ನಿಯಮ ಅಡ್ಡ ಬರುತ್ತದೆ. ಅದೇ ದಂಪತಿ ಎದುರಿನ ಚೀನೀ ಮಾಲೀಕರ ಫ್ಲಾಟನ್ನು ಕೊಂಡರೆ ಯಾವ ಅಡ್ಡಿಯೂ ಇಲ್ಲ.

ಬ್ಲಾಕಿನ ಅಂಕಿಗಳು ಲೆಕ್ಕ ತಿಳಿಯಲೆಂದು ಹಾಕಿಕೊಂಡವು. ನಿಯಮ ಮಾತ್ರ ನಿಜವಾದದ್ದು. ಜನಾಂಗೀಯ ಏಕೀಕರಣ ನೀತಿ ಎಂಬ ಹೆಸರಿನಲ್ಲಿ ಅದು 1989ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಜನಾಂಗೀಯ ಗುರುತು, ಪ್ರತ್ಯೇಕ ವಾಸ, ಸಂಪರ್ಕ, ಬಹುಸಂಖ್ಯಾತರು, ಅಲ್ಪಸಂಖ್ಯಾತರು ಎಂಬ ಪರಿಕಲ್ಪನೆಗಳನ್ನು ಸಮಾಜಶಾಸ್ತ್ರದ ತರಗತಿಯಲ್ಲಿ ವ್ಯಾಖ್ಯಾನಗಳಾಗಿ ಓದುತ್ತೇವೆ. ಅವೆಲ್ಲ ಒಂದು ಫ್ಲಾಟಿನ ಕ್ರಯದೊಳಗೆ ಹೇಗೆ ಕೆಲಸ ಮಾಡುತ್ತವೆ, ಅದರ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದೇ ಈ ಅಧ್ಯಯನದ ವಿಷಯ.

ಕೇರಿಗಳಾಗಿ ಹುಟ್ಟಿದ ಊರು

ಬ್ರಿಟಿಷರು ಸಿಂಗಪುರದಲ್ಲಿ ಠಾಣೆ ಹಾಕಿದ್ದು 1819ರಲ್ಲಿ. ಮೂರೇ ವರ್ಷದಲ್ಲಿ, 1822ರಲ್ಲಿ, ಬ್ರಿಟಿಷ್ ಆಡಳಿತಗಾರ ಸ್ಟ್ಯಾಂಫರ್ಡ್ ರಾಫಲ್ಸ್‌ನ ಸೂಚನೆಯಂತೆ ಲೆಫ್ಟಿನೆಂಟ್ ಫಿಲಿಪ್ ಜಾಕ್ಸನ್ ಪಟ್ಟಣದ ನಕ್ಷೆ ಬರೆದ. ಅದರಲ್ಲಿ ಜನಾಂಗಕ್ಕೊಂದು ಕೇರಿ. ಚೀನೀಯರಿಗೆ ನದಿಯಾಚೆ ಒಂದು ಭಾಗ, ಮಲಯರು, ಬುಗಿಸರು, ಅರಬರಿಗೆ ಸುಲ್ತಾನನ ನಿವಾಸದ ಸುತ್ತಲಿನ ಕಾಂಪೊಂಗ್ ಗ್ಲಾಮ್, ದಕ್ಷಿಣ ಭಾರತದಿಂದ ಹೋದವರಿಗೆ ಚುಲಿಯಾ ಕಾಂಪೊಂಗ್, ಯುರೋಪಿಯನ್ನರಿಗೆ ಬೇರೆಯದೇ ಜಾಗ. ಚೀನೀ ಕೇರಿಯ ಒಳಗೂ ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್ ಮಾತಾಡುವವರು ತಂತಮ್ಮ ಬೀದಿಗಳಲ್ಲಿ ಕೂಡಿಕೊಂಡರು. ಇಂದು ಪ್ರವಾಸಿಗರು ಸುತ್ತುವ ಚೈನಾಟೌನ್, ಕಾಂಪೊಂಗ್ ಗ್ಲಾಮ್‌ಗಳ ಮೂಲ ಇದೇ.

ಬರ್ಮಾದಲ್ಲಿ ಅಧಿಕಾರಿಯಾಗಿದ್ದ ಜೆ. ಎಸ್. ಫರ್ನಿವಾಲ್ ಇಂಥ ವಸಾಹತು ಪಟ್ಟಣಗಳನ್ನು ನೋಡಿಯೇ ‘ಬಹುಘಟಕ ಸಮಾಜ’ ಎಂಬ ಪರಿಕಲ್ಪನೆ ಕಟ್ಟಿದ್ದು. ಜನ ಸಂತೆಯಲ್ಲಿ ಸೇರುತ್ತಾರೆ, ಕೊಟ್ಟು ಕೊಳ್ಳುತ್ತಾರೆ, ಸಂಜೆಯಾದರೆ ತಮ್ಮ ದೇವರು, ತಮ್ಮ ಭಾಷೆ, ತಮ್ಮ ಅಡುಗೆಯ ಕೇರಿಗೆ ಮರಳುತ್ತಾರೆ. ಅವರನ್ನು ಒಟ್ಟಿಗೆ ಹಿಡಿದಿಟ್ಟಿರುವುದು ಮಾರುಕಟ್ಟೆ ಮತ್ತು ಮೇಲಿನ ಆಡಳಿತ, ಅಷ್ಟೆ. ಆಡಳಿತದ ಹಿಡಿತ ಸಡಿಲಿದಾಗ ಏನಾಗುತ್ತದೆ ಎಂಬ ಪ್ರಶ್ನೆ ಆ ಪರಿಕಲ್ಪನೆಯೊಳಗೇ ಇತ್ತು.

ಸಿಂಗಪುರ ಮಲೇಷ್ಯಾದ ಭಾಗವಾಗಿದ್ದ 1964ರಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಜುಲೈ 21ರಂದು ಪ್ರವಾದಿ ಜನ್ಮದಿನದ ಮೆರವಣಿಗೆಯಲ್ಲಿ ಶುರುವಾದ ಚೀನೀ-ಮಲಯ ಗಲಭೆಯಲ್ಲಿ 23 ಜನ ಸತ್ತರು, 454 ಜನ ಗಾಯಗೊಂಡರು. ಸೆಪ್ಟೆಂಬರಿನಲ್ಲಿ ಮತ್ತೆ ಹೊತ್ತಿಕೊಂಡಾಗ ಇನ್ನೂ 13 ಜನ ಸತ್ತರು. 1965ರ ಆಗಸ್ಟ್ 9ರಂದು ಸಿಂಗಪುರ ಬೇರೆ ದೇಶವಾಯಿತು. 1969ರ ಮೇ 13ರಂದು ಕ್ವಾಲಾಲಂಪುರದಲ್ಲಿ ಗಲಭೆಯಾದಾಗ ಅದರ ಕಿಡಿ ಇಲ್ಲಿಗೂ ಹಾರಿ 4 ಜನ ಜೀವ ಕಳೆದುಕೊಂಡರು. ಕೇರಿ ಎಂದರೆ ಸಂಕಟದಲ್ಲಿ ನೆರವಾಗುವ ನೆಂಟರಿಷ್ಟರ ಜಾಗ. ಗಲಭೆಯ ಹೊತ್ತಿನಲ್ಲಿ ಅದೇ ಕೇರಿ ‘ಅವರು’ ಎಲ್ಲಿದ್ದಾರೆ ಎಂದು ತೋರಿಸುವ ಗುರುತೂ ಆಗುತ್ತದೆ. ಮುಂದೆ ವಸತಿ ನೀತಿ ಮಾಡಿದವರ ಮನಸ್ಸಿನಲ್ಲಿ ಈ ಎರಡನೆಯ ಮುಖವೇ ದೊಡ್ಡದಾಗಿ ನಿಂತಿತು.

ಬೆರೆಸಿದ್ದು ಮತ್ತೆ ಬೇರೆಯಾದದ್ದು

ವಸತಿ ಅಭಿವೃದ್ಧಿ ಮಂಡಳಿ ಆರಂಭವಾದದ್ದು 1960ರ ಫೆಬ್ರುವರಿ 1ರಂದು. ಅಲ್ಲಿನ ಜನ ಅದನ್ನು ಎಚ್‌ಡಿಬಿ ಎಂದೇ ಕರೆಯುತ್ತಾರೆ. 1961ರ ಮೇ 25ರಂದು ಬುಕಿತ್ ಹೋ ಸ್ವೀ ಎಂಬಲ್ಲಿ ಬಿದ್ದ ಬೆಂಕಿಯಲ್ಲಿ ಸುಮಾರು 16,000 ಜನ ಮನೆ ಕಳೆದುಕೊಂಡಾಗ ಕಟ್ಟುವ ಕೆಲಸದ ವೇಗ ಹೆಚ್ಚಿತು. ಮೊದಲ ಐದು ವರ್ಷಗಳಲ್ಲಿ 50,000ಕ್ಕೂ ಹೆಚ್ಚು ಫ್ಲಾಟುಗಳು ಎದ್ದವು. 1964ರಲ್ಲಿ ಸ್ವಂತ ಮನೆ ಯೋಜನೆ ಬಂತು. 1968ರಲ್ಲಿ ನೌಕರರು ತಮ್ಮ ಭವಿಷ್ಯನಿಧಿಯ ಹಣದಿಂದಲೇ ಕಂತು ಕಟ್ಟಲು ಅವಕಾಶವಾಯಿತು. ಇಂದು ಅಲ್ಲಿನ ನಿವಾಸಿಗಳಲ್ಲಿ ಹತ್ತಕ್ಕೆ ಸುಮಾರು ಎಂಟು ಮಂದಿ ಎಚ್‌ಡಿಬಿ ಫ್ಲಾಟಿನಲ್ಲಿದ್ದಾರೆ. ಅವರಲ್ಲಿ ಬಹುಪಾಲು ಜನ 99 ವರ್ಷದ ಗುತ್ತಿಗೆಯ ಮಾಲೀಕರು.

ಹಳೆಯ ಕೇರಿಗಳನ್ನು ತೆರವು ಮಾಡಿ ಹೊಸ ಫ್ಲಾಟು ಹಂಚುವಾಗ ಮಂಡಳಿ ಎಲ್ಲ ಜನಾಂಗದವರೂ ಹರಡಿಕೊಳ್ಳುವಂತೆ ನೋಡಿಕೊಂಡಿತು. ಆದರೆ ಹಂಚಿಕೆ ಆಗುವುದು ಒಂದೇ ಸಲ. ಫ್ಲಾಟುಗಳನ್ನು ಮುಕ್ತ ಮಾರುಕಟ್ಟೆಯಲ್ಲಿ ಮರುಮಾರಾಟ ಮಾಡಲು ಬಿಟ್ಟ ಮೇಲೆ ಜನ ತಮಗೆ ಬೇಕಾದಲ್ಲಿಗೆ ಸರಿಯತೊಡಗಿದರು. 1980ರ ದಶಕದ ಕೊನೆಗೆ ಬೆಡೊಕ್ ಮತ್ತು ಟ್ಯಾಂಪಿನಿಸ್ ಬಡಾವಣೆಗಳಲ್ಲಿ ಮಲಯರ ಪ್ರಮಾಣ ಶೇ. 30 ದಾಟಿತ್ತು, ಹೌಗಾಂಗ್ ಬಡಾವಣೆಯಲ್ಲಿ ಚೀನೀಯರ ಪ್ರಮಾಣ ಶೇ. 90ರ ಆಸುಪಾಸಿಗೆ ಬಂದಿತ್ತು. ಇಡೀ ದೇಶದಲ್ಲಿ ಆಗ ಚೀನೀಯರು ಶೇ. 78, ಮಲಯರು ಶೇ. 14, ಭಾರತೀಯರು ಶೇ. 7ರಷ್ಟಿದ್ದರು.

ಈ ಸರಿದಾಟಕ್ಕೆ ದ್ವೇಷವೇ ಕಾರಣವೆಂದು ತಿಳಿಯುವುದು ತಪ್ಪು. ಮಸೀದಿ ಹತ್ತಿರವಿರಲಿ, ಅತ್ತೆಮನೆ ನಡೆದು ಹೋಗುವಷ್ಟು ದೂರದಲ್ಲಿರಲಿ, ಹಲಾಲ್ ಮಾಂಸ ಸಿಗುವ ಸಂತೆ ಪಕ್ಕದಲ್ಲಿರಲಿ, ಅಜ್ಜಿಗೆ ಮಾತಾಡಲು ಅವಳ ಭಾಷೆಯ ನಾಲ್ಕು ಜನ ಇರಲಿ ಎಂದು ಯಾರಿಗೆ ಅನಿಸುವುದಿಲ್ಲ? ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1970ರ ಸುಮಾರಿಗೆ ಚೌಕಳಿ ಹಲಗೆಯ ಮೇಲೆ ಎರಡು ಬಗೆಯ ಬಿಲ್ಲೆಗಳನ್ನಿಟ್ಟು ತೋರಿಸಿದ್ದು ಇದನ್ನೇ. ನೆರೆಯವರಲ್ಲಿ ಮೂರರಲ್ಲೊಂದು ಭಾಗ ನಮ್ಮವರಿದ್ದರೆ ಸಾಕು, ಉಳಿದವರು ಯಾರಾದರೂ ಆಗಲಿ ಎನ್ನುವಷ್ಟು ಮೆದುವಾದ ಆಸೆ ಪ್ರತಿ ಬಿಲ್ಲೆಗೂ ಇದೆ ಎನ್ನಿ. ಅಷ್ಟು ಸಿಗದ ಬಿಲ್ಲೆಯನ್ನು ಎತ್ತಿ ಖಾಲಿ ಮನೆಗೆ ಸರಿಸುತ್ತ ಹೋದರೆ ಕೆಲವೇ ಸುತ್ತಿನಲ್ಲಿ ಹಲಗೆ ಎರಡು ಬಣ್ಣದ ಕೇರಿಗಳಾಗಿ ಒಡೆಯುತ್ತದೆ. ಒಬ್ಬ ಹೋದಾಗ ಅವನ ನೆರೆಯವರ ಲೆಕ್ಕ ಕೆಡುತ್ತದೆ, ಅವರೂ ಹೊರಡುತ್ತಾರೆ, ಅವರ ಹಿಂದೆ ಇನ್ನೊಬ್ಬರು. ಪ್ರತ್ಯೇಕ ವಾಸ ಎಂಬುದು ಹೀಗೆ ಯಾರೂ ಬಯಸದ ಮೊತ್ತವಾಗಿರಬಹುದು. ಹಾಗಾಗಿ ಜನರ ಮನಸ್ಸು ತಿದ್ದುವ ಭಾಷಣಗಳಿಂದ ಅದು ನಿಲ್ಲುವುದಿಲ್ಲ, ಸರಪಳಿಯನ್ನು ಎಲ್ಲಾದರೂ ಒಂದು ಕಡೆ ಕತ್ತರಿಸಬೇಕಾಗುತ್ತದೆ. ಸಿಂಗಪುರ ಕತ್ತರಿಸಿದ್ದು ಮರುಮಾರಾಟದ ಕೊಂಡಿಯನ್ನು.

ಮಿತಿಗಳು

1989ರ ಆರಂಭದಲ್ಲಿ ರಾಷ್ಟ್ರೀಯ ಅಭಿವೃದ್ಧಿ ಸಚಿವ ಎಸ್. ಧನಬಾಲನ್ ಈ ನೀತಿಯನ್ನು ಪ್ರಕಟಿಸಿದರು. ಅವರು ಸ್ವತಃ ಭಾರತೀಯ ಮೂಲದವರು. ಚೀನೀಯರು ಒಂದು ನೆರೆಹೊರೆಯಲ್ಲಿ ಶೇ. 84, ಒಂದು ಬ್ಲಾಕಿನಲ್ಲಿ ಶೇ. 87 ದಾಟಬಾರದು. ಮಲಯರಿಗೆ ಈ ಅಂಕಿ 22 ಮತ್ತು 25. ‘ಭಾರತೀಯ ಮತ್ತು ಇತರರು’ ಎಂಬ ಒಂದೇ ಗುಂಪಿಗೆ 10 ಮತ್ತು 13. 2010ರ ಮಾರ್ಚ್ 5ರಿಂದ ಕೊನೆಯ ಗುಂಪಿನ ಮಿತಿಯನ್ನು 12 ಮತ್ತು 15ಕ್ಕೆ ಏರಿಸಲಾಯಿತು. ವಲಸೆಯಿಂದ ಆ ಗುಂಪು ದೊಡ್ಡದಾಗಿದ್ದೇ ಇದಕ್ಕೆ ಕಾರಣ.

ನೆರೆಹೊರೆ ಎಂದರೆ ಹಲವು ಬ್ಲಾಕುಗಳು ಕೂಡಿದ ಯೋಜನಾ ಘಟಕ. ಬ್ಲಾಕಿನ ಮಿತಿ ಅದಕ್ಕಿಂತ 3 ಅಂಶ ಸಡಿಲ, ಏಕೆಂದರೆ ಮನೆಗಳ ಸಂಖ್ಯೆ ಕಡಿಮೆಯಿದ್ದಲ್ಲಿ ಒಂದು ಕುಟುಂಬ ಬಂದುಹೋದರೂ ಶೇಕಡಾವಾರು ಜಿಗಿಯುತ್ತದೆ. ಮಾರಾಟ ಎರಡೂ ಜರಡಿಗಳನ್ನು ದಾಟಬೇಕು. ಬ್ಲಾಕಿನಲ್ಲಿ ಜಾಗವಿದ್ದು ನೆರೆಹೊರೆ ತುಂಬಿದ್ದರೂ ಆಗುವುದಿಲ್ಲ.

ಇವು ಮೇಲ್ಮಿತಿಗಳು. ಇಷ್ಟು ಜನ ಇರಲೇಬೇಕೆಂಬ ಗುರಿಯಾಗಲೀ ಮೀಸಲಾತಿಯಾಗಲೀ ಅಲ್ಲ. ಬ್ಲಾಕಿನ ಮೂರು ಮಿತಿಗಳನ್ನು ಕೂಡಿದರೆ 127 ಬರುತ್ತದೆ, ನೂರರ ಮೇಲಿನ ಆ 27 ಜನರ ಓಡಾಟಕ್ಕೆ ಬಿಟ್ಟ ಸಡಿಲ. ಮಿತಿ ಮೀರಿದ್ದ ಬ್ಲಾಕುಗಳಿಂದ 1989ರಲ್ಲಿ ಯಾರನ್ನೂ ಎಬ್ಬಿಸಲಿಲ್ಲ. ಮುಂದಿನ ಮಾರಾಟಗಳು ಆ ಪ್ರಮಾಣವನ್ನು ಇನ್ನೂ ಏರಿಸದಂತೆ ತಡೆದದ್ದಷ್ಟೆ. ಈ ಸಂಯಮವನ್ನು ಮೆಚ್ಚಬೇಕು. ಎಬ್ಬಿಸಿ ಬೆರೆಸುವ ಕೆಲಸಕ್ಕೆ ಕೈಹಾಕಿದ್ದರೆ ಗಲಭೆ ತಡೆಯಲು ಬಂದ ನೀತಿಯೇ ಗಲಭೆಗೆ ಕಾರಣವಾಗುತ್ತಿತ್ತು.

ರಾಜಕೀಯದ ಮಗ್ಗುಲೂ ಇದಕ್ಕಿದೆ. ಹಿಂದಿನ ವರ್ಷವಷ್ಟೇ, 1988ರಲ್ಲಿ, ಗುಂಪು ಪ್ರಾತಿನಿಧ್ಯದ ಕ್ಷೇತ್ರಗಳು ಬಂದಿದ್ದವು. ಅಲ್ಲಿ ಪಕ್ಷಗಳು ತಂಡವಾಗಿ ಸ್ಪರ್ಧಿಸಬೇಕು, ತಂಡದಲ್ಲಿ ಒಬ್ಬರಾದರೂ ಅಲ್ಪಸಂಖ್ಯಾತ ಜನಾಂಗದವರಿರಬೇಕು. ಎರಡೂ ನೀತಿಗಳನ್ನು ಒಟ್ಟಿಗೆ ಓದಬೇಕು. ಅಲ್ಪಸಂಖ್ಯಾತರು ಎಲ್ಲೆಡೆ ಹರಡಿಕೊಂಡಾಗ ಯಾವ ಕ್ಷೇತ್ರದಲ್ಲೂ ಅವರ ಮತವೊಂದೇ ನಿರ್ಣಾಯಕವಾಗುವುದಿಲ್ಲ, ಶಾಸನಸಭೆಯಲ್ಲಿ ಅವರ ಸ್ಥಾನ ಪಕ್ಷದ ತಂಡಗಳ ಮೂಲಕವೇ ಬರಬೇಕಾಗುತ್ತದೆ. ಹರಡುವಿಕೆ ರಕ್ಷಣೆ ಕೊಡುತ್ತದೆ, ಬದಲಿಗೆ ರಾಜಕೀಯ ತೂಕವನ್ನು ಕಡಿಮೆ ಮಾಡುತ್ತದೆ ಎಂಬ ಟೀಕೆಗೆ ಆಧಾರವಿದೆ.

ಒಂದು ಮಾರಾಟ ನಡೆಯುವ ಬಗೆ

ನಿಯಮದ ತಿರುಳು ಇಷ್ಟು: ಮಾರುವವರೂ ಕೊಳ್ಳುವವರೂ ಒಂದೇ ಜನಾಂಗದವರಾದರೆ ಮಿತಿ ತುಂಬಿದ್ದರೂ ಮಾರಾಟಕ್ಕೆ ತಡೆಯಿಲ್ಲ, ಏಕೆಂದರೆ ಪ್ರಮಾಣ ಬದಲಾಗುವುದಿಲ್ಲ. ಬೇರೆ ಜನಾಂಗದವರಾದರೆ, ಕೊಳ್ಳುವವರ ಗುಂಪಿನ ಮಿತಿಯೊಳಗೆ ಜಾಗವಿರಬೇಕು.

ನಮ್ಮ ಬ್ಲಾಕಿನಲ್ಲಿ 120ರ ಶೇ. 87 ಎಂದರೆ 104.4. 104 ಚೀನೀ ಮನೆಗಳಿಗೆ ಬ್ಲಾಕ್ ತುಂಬಿತು. 105ನೆಯದು ಬಂದರೆ ಪ್ರಮಾಣ 87.5 ಆಗುತ್ತದೆ. ಆದ್ದರಿಂದ ಭಾರತೀಯ ಮಾಲೀಕರು ಚೀನೀಯರಿಗೆ ಮಾರುವಂತಿಲ್ಲ. ಮಲಯರಿಗೆ ಮಾರಬಹುದು, ಅವರ ಮಿತಿಯಾದ 30ರಲ್ಲಿ 9 ಮಾತ್ರ ತುಂಬಿದೆ. ಇನ್ನೊಬ್ಬ ಭಾರತೀಯರಿಗೂ ಮಾರಬಹುದು. ಚೀನೀ ಮಾಲೀಕರಿಗಾದರೋ ಮೂರೂ ಗುಂಪಿನವರಿಗೆ ಮಾರುವ ಸ್ವಾತಂತ್ರ್ಯವಿದೆ.

ಹಂತಗಳು ಹೀಗೆ. ಮಾರುವವರು ಮೊದಲು ಮಾರಾಟದ ಇಚ್ಛೆಯನ್ನು ಎಚ್‌ಡಿಬಿಯಲ್ಲಿ ನೋಂದಾಯಿಸಬೇಕು. ಅದಾಗಿ 7 ದಿನ ಕಳೆದ ಮೇಲೆ ಖರೀದಿ ಆಯ್ಕೆಪತ್ರ, ಅಂದರೆ ಗೊತ್ತಾದ ಬೆಲೆಗೆ ಇವರಿಗೇ ಮಾರುತ್ತೇನೆಂಬ ಪತ್ರ, ಕೊಡಬಹುದು. ಅದಕ್ಕೆ ಕೊಳ್ಳುವವರು ಕೊಡುವ ಮುಂಗಡ 1ರಿಂದ 1,000 ಸಿಂಗಪುರ ಡಾಲರ್, ಆಯ್ಕೆಯ ಅವಧಿ 21 ದಿನ. ಆಮೇಲೆ ಇಬ್ಬರೂ ಮರುಮಾರಾಟದ ಅರ್ಜಿ ಸಲ್ಲಿಸುತ್ತಾರೆ. ಬ್ಲಾಕಿನ ಸಂಖ್ಯೆ ಹಾಕಿ ಯಾವ ಗುಂಪಿನವರು ಕೊಳ್ಳಬಹುದೆಂದು ನೋಡುವ ಸೌಲಭ್ಯ ಮಂಡಳಿಯ ಜಾಲತಾಣದಲ್ಲಿದೆ. ಈ ಅಂಕಿಗಳು ಪ್ರತಿ ತಿಂಗಳ 1ನೇ ತಾರೀಖಿಗೆ ಹೊಸದಾಗುತ್ತವೆ.

ಹೆಚ್ಚಿನವರು ಎಡವುವುದು ಇಲ್ಲೇ. ತಿಂಗಳ 20ಕ್ಕೆ ನೋಡಿ ‘ಜಾಗವಿದೆ’ ಎಂದು ಆಯ್ಕೆಪತ್ರ ಬರೆದುಕೊಂಡು, 21 ದಿನದ ಅವಧಿಯನ್ನು ಪೂರ್ತಿ ಬಳಸಿ ಮುಂದಿನ ತಿಂಗಳು ಅರ್ಜಿ ಹಾಕುವ ಹೊತ್ತಿಗೆ ಲೆಕ್ಕ ಬದಲಾಗಿರಬಹುದು. ಆಯ್ಕೆಪತ್ರ ಬರೆಯುವ ಮೊದಲು ಒಮ್ಮೆ, ಅರ್ಜಿ ಹಾಕುವ ಹೊತ್ತಿಗೆ ಇನ್ನೊಮ್ಮೆ ನೋಡಲೇಬೇಕು. ಬದಲಿ ಮನೆಗೆ ಆಗಲೇ ಹಣ ಕಟ್ಟಿರುವ ಮಾಲೀಕರಿಗೆ ಇಂಥ ತಡೆ ಎರಡು ಮನೆಗಳ ಕಂತಿನ ಹೊರೆಯಾಗಿ ಬಂದು ಕೂರುತ್ತದೆ.

ಗಂಡ ಹೆಂಡತಿ ಬೇರೆ ಬೇರೆ ಜನಾಂಗದವರಾಗಿದ್ದರೆ ಕೊಳ್ಳುವಾಗ ಇಬ್ಬರಲ್ಲಿ ಒಬ್ಬರ ಜನಾಂಗವನ್ನು ಆರಿಸಿಕೊಳ್ಳಬಹುದು. ಮಾರುವಾಗಲೂ ಅದೇ ಲೆಕ್ಕಕ್ಕೆ ಬರುತ್ತದೆ. ಕೊಳ್ಳುವ ದಿನ ಯಾವ ಗುಂಪಿಗೆ ಜಾಗವಿದೆಯೋ ಅದನ್ನು ಬರೆಸಿಬಿಡುವುದು ಸುಲಭ. ಆದರೆ ಹತ್ತು ವರ್ಷದ ನಂತರ ಆ ಬ್ಲಾಕಿನಲ್ಲಿ ಯಾವ ಗುಂಪಿನ ಮಾಲೀಕರಿಗೆ ಮಾರುವುದು ಸುಲಭವಾದೀತು ಎಂದೂ ಯೋಚಿಸಬೇಕು.

ಬೆಲೆ ತೆರುವವರು

ನಿಯಮ ಎಲ್ಲರಿಗೂ ಒಂದೇ ಎಂದು ಮೇಲ್ನೋಟಕ್ಕೆ ಕಾಣುತ್ತದೆ. ಫಲ ಒಂದೇ ಅಲ್ಲ. 2020ರ ಜನಗಣತಿಯಂತೆ ನಿವಾಸಿಗಳಲ್ಲಿ ಚೀನೀಯರು ಶೇ. 74ರಷ್ಟು. ಚೀನೀ ಮಿತಿ ತುಂಬಿದ ಬ್ಲಾಕಿನಲ್ಲಿ ಮಲಯ ಅಥವಾ ಭಾರತೀಯ ಮಾಲೀಕರಿಗೆ ಮಾರುಕಟ್ಟೆಯ ಮುಕ್ಕಾಲು ಪಾಲು ಮುಚ್ಚಿಹೋಗುತ್ತದೆ. ಉಳಿದ ಕಾಲು ಭಾಗದಲ್ಲಿ ಅದೇ ಊರು, ಅದೇ ಅಳತೆಯ ಫ್ಲಾಟು ಹುಡುಕುತ್ತಿರುವವರು ಕೈಬೆರಳಲ್ಲಿ ಎಣಿಸುವಷ್ಟು. ಮಾರುವವರು ಕಾಯುತ್ತಾರೆ, ಕೊನೆಗೆ ಬೆಲೆ ಇಳಿಸುತ್ತಾರೆ.

ಅದೇ ಬ್ಲಾಕಿಗೆ ಬರಬಯಸುವ ಚೀನೀ ಖರೀದಿದಾರರು ಚೀನೀ ಮಾಲೀಕರಿಂದಲೇ ಕೊಳ್ಳಬೇಕು. ಹೀಗಾಗಿ ಅವರ ಫ್ಲಾಟುಗಳ ಬೆಲೆ ಮೇಲಕ್ಕೆ ಹೋಗುತ್ತದೆ. ಒಂದೇ ಮಹಡಿಯಲ್ಲಿ, ಒಂದೇ ಅಳತೆಯ ಎರಡು ಫ್ಲಾಟುಗಳಿಗೆ ಮಾಲೀಕರ ಗುರುತಿನ ಚೀಟಿಯಲ್ಲಿ ಏನಿದೆ ಎಂಬುದರ ಮೇಲೆ ಎರಡು ಬೆಲೆ! ಮಾರಾಟದ ದಾಖಲೆಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಿಗೂ ಈ ಅಂತರ ಕಂಡಿದೆ. ಮಲಯ ಮಿತಿ ತುಂಬಿದ ಬ್ಲಾಕಿನಲ್ಲಿ ತೊಂದರೆ ಬೇರೆ ರೀತಿಯದು. ತಂದೆತಾಯಿಯ ಹತ್ತಿರ ಮನೆ ಮಾಡಬೇಕೆನ್ನುವ ಮಲಯ ದಂಪತಿಗಳು ಮಲಯ ಮಾಲೀಕರು ಮಾರುವುದನ್ನೇ ಕಾಯಬೇಕು.

ಬಹುಸಂಖ್ಯಾತ, ಅಲ್ಪಸಂಖ್ಯಾತ ಎಂಬ ಪದಗಳ ಅರ್ಥ ಇಲ್ಲಿ ಬಿಚ್ಚಿಕೊಳ್ಳುತ್ತದೆ. ತಲೆ ಎಣಿಕೆಯಲ್ಲಿ ಕಡಿಮೆ ಇರುವುದಷ್ಟೇ ಅಲ್ಪಸಂಖ್ಯಾತರ ಸ್ಥಿತಿಯಲ್ಲ. ಎಲ್ಲರಿಗೂ ಒಂದೇ ಎಂದು ಬರೆದ ನಿಯಮದ ಭಾರವೂ ಎಣಿಕೆಗೆ ತಕ್ಕಂತೆ ಓರೆಯಾಗಿ ಬೀಳುತ್ತದೆ. ಇದು ನೀತಿ ರೂಪಿಸಿದವರ ದುರುದ್ದೇಶವಲ್ಲ, ಗಣಿತದ ಪರಿಣಾಮ. ಹಾಗೆಂದು ಅದನ್ನು ಸಹಿಸಿಕೊಳ್ಳಿ ಎಂದು ಮಾರುವವರಿಗೆ ಹೇಳುವುದು ನ್ಯಾಯವಲ್ಲ. ಬೆರೆತ ನೆರೆಹೊರೆಯ ಲಾಭ ಇಡೀ ಸಮಾಜಕ್ಕೆ ಸಿಗುತ್ತದೆ. ಅದರ ವೆಚ್ಚವೂ ಇಡೀ ಸಮಾಜದ ಖಜಾನೆಯಿಂದಲೇ ಹೋಗಬೇಕು.

ಸರ್ಕಾರ ಈ ಮಾತನ್ನು ಒಪ್ಪಲು ಬಹಳ ಕಾಲ ಹಿಡಿಯಿತು. ವರ್ಷಗಟ್ಟಲೆ ಇದ್ದದ್ದು ಮೇಲ್ಮನವಿಯ ದಾರಿ ಮಾತ್ರ. 2021ರ ಜುಲೈನಲ್ಲಿ ಸಂಸತ್ತಿನಲ್ಲಿ ಈ ಬಗ್ಗೆ ವಿಸ್ತಾರವಾದ ಚರ್ಚೆಯಾಯಿತು, ಅಲ್ಪಸಂಖ್ಯಾತ ಮಾಲೀಕರ ಕಷ್ಟ ನಿಜವೆಂದು ಸರ್ಕಾರವೂ ಹೇಳಿತು. ಅದಾದ ಮೇಲೆ, ಪ್ರಾಮಾಣಿಕವಾಗಿ ಪ್ರಯತ್ನಿಸಿಯೂ ಮಾರಲಾಗದೆ ಉಳಿದ ಅರ್ಹ ಮಾಲೀಕರ ಫ್ಲಾಟನ್ನು ಮಂಡಳಿಯೇ ಕೊಳ್ಳುವ ವ್ಯವಸ್ಥೆ ಬಂತು. ನೀತಿ ಹುಟ್ಟಿ ಆಗ ಮೂರು ದಶಕ ದಾಟಿತ್ತು.

‘ಭಾರತೀಯ’ ಎಂದರೆ ಯಾರು

ಈ ಲೆಕ್ಕವೆಲ್ಲ ನಡೆಯಬೇಕಾದರೆ ಪ್ರತಿಯೊಬ್ಬರಿಗೂ ಒಂದು ಜನಾಂಗ ಇರಲೇಬೇಕು, ಅದು ಸರ್ಕಾರದ ದಾಖಲೆಯಲ್ಲಿರಬೇಕು. ಸಿಂಗಪುರದಲ್ಲಿ ಅದು ಚೀನೀ, ಮಲಯ, ಭಾರತೀಯ, ಇತರರು ಎಂಬ ನಾಲ್ಕು ಡಬ್ಬಿಗಳ ಪದ್ಧತಿ. ಜನಾಂಗೀಯ ಗುರುತು ರಕ್ತದಲ್ಲಿ ಬಂದದ್ದಲ್ಲ, ಆಡಳಿತ ಮತ್ತು ಜನ ಸೇರಿ ಕಟ್ಟಿದ್ದು ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ. ಹೊಕ್ಕಿಯೆನ್, ಟಿಯೋಚ್ಯೂ, ಹಕ್ಕಾ, ಹೈನಾನೀಸ್ ಎಲ್ಲ ಸೇರಿ ಚೀನೀ. ಜಾವಾದವರು, ಬವೇಯನ್ ದ್ವೀಪದವರು, ಬುಗಿಸರು ಸೇರಿ ಮಲಯ. ತಮಿಳರು, ಮಲಯಾಳಿಗಳು, ಪಂಜಾಬಿಗಳು, ಸಿಂಧಿಗಳು ಸೇರಿ ಭಾರತೀಯ. 2011ರಿಂದ ಮಿಶ್ರ ದಾಂಪತ್ಯದ ಮಕ್ಕಳಿಗೆ ‘ಚೀನೀ-ಭಾರತೀಯ’ ಎಂಬಂತೆ ಜೋಡಿ ಗುರುತು ಬರೆಸುವ ಅವಕಾಶವಿದೆ. ಆದರೂ ವಸತಿ ಲೆಕ್ಕಕ್ಕೆ ಹಿಡಿಯುವುದು ಅದರ ಮೊದಲ ಪದವನ್ನು ಮಾತ್ರ.

ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಹೋಗಿ ನೆಲೆಸಿದ ಕನ್ನಡ ಕುಟುಂಬ ಈ ಡಬ್ಬಿಗಳಲ್ಲಿ ‘ಭಾರತೀಯ’. ವಸತಿ ಮಿತಿಯಲ್ಲಿ ಅದೇ ಶೇ. 12 ಮತ್ತು 15ರೊಳಗೆ ತಮಿಳರು, ಪಂಜಾಬಿಗಳ ಜೊತೆಗೆ ಯುರೋಪ್-ಏಷ್ಯಾ ಮಿಶ್ರ ಮೂಲದ ಯುರೇಷಿಯನ್ನರೂ ಫಿಲಿಪಿನೋಗಳೂ ಸೇರುತ್ತಾರೆ. ಗಂಡ ಹೆಂಡತಿ ಇಬ್ಬರೂ ಕಾಯಂ ನಿವಾಸಿಗಳಾಗಿದ್ದು ಇನ್ನೂ ಪೌರತ್ವ ಪಡೆದಿರದಿದ್ದರೆ ಹೊಸ ಫ್ಲಾಟು ಸಿಗುವುದಿಲ್ಲ. ಕಾಯಂ ನಿವಾಸ ಸಿಕ್ಕಿ 3 ವರ್ಷವಾದ ಮೇಲೆ ಮರುಮಾರಾಟದ ಫ್ಲಾಟು ಕೊಳ್ಳಬಹುದು. ಆಗ ಇನ್ನೊಂದು ಜರಡಿ ಸೇರುತ್ತದೆ: ಮಲೇಷ್ಯಾದವರಲ್ಲದ ಕಾಯಂ ನಿವಾಸಿಗಳ ಕುಟುಂಬಗಳು ನೆರೆಹೊರೆಯಲ್ಲಿ ಶೇ. 5, ಬ್ಲಾಕಿನಲ್ಲಿ ಶೇ. 8 ದಾಟಬಾರದು. ಇದು 2010ರಲ್ಲಿ ಬಂದದ್ದು. ಅಂದರೆ ಮನೆ ಹುಡುಕುವಾಗ ಪ್ರತಿ ಬ್ಲಾಕಿಗೂ ನಾಲ್ಕು ಅಂಕಿ ನೋಡಬೇಕು. ಮನೆ ನೋಡಲು ಹೋಗುವ ಮೊದಲೇ ಇದನ್ನು ಪರೀಕ್ಷಿಸಿದರೆ ವಾರಾಂತ್ಯಗಳು ಉಳಿಯುತ್ತವೆ.

ಡಬ್ಬಿ ಶಾಲೆಗೂ ಬೆನ್ನಟ್ಟಿ ಬರುತ್ತದೆ. ಮಕ್ಕಳು ‘ಮಾತೃಭಾಷೆ’ ಎಂದು ಒಂದು ವಿಷಯ ಕಲಿಯಬೇಕು. ಭಾರತೀಯ ಮಕ್ಕಳಿಗೆ ಅಲ್ಲಿರುವುದು ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡದ ಮಗು ಮನೆಯಲ್ಲಿ ಆಡದ ಭಾಷೆಯೊಂದನ್ನು ಮಾತೃಭಾಷೆ ಎಂಬ ಹೆಸರಿನಲ್ಲಿ ಕಲಿಯುತ್ತದೆ. ತೆಲುಗು, ಮಲಯಾಳ ಮನೆಗಳ ಸ್ಥಿತಿಯೂ ಅದೇ. ದೊಡ್ಡ ಅಲ್ಪಸಂಖ್ಯಾತ ಗುಂಪಿನೊಳಗೆ ಸಣ್ಣ ಅಲ್ಪಸಂಖ್ಯಾತರು ಹೇಗೆ ಕಾಣದಂತಾಗುತ್ತಾರೆ ಎಂಬುದನ್ನು ತಿಳಿಯಲು ಇದು ಸಾಕು.

ಹತ್ತಿರವಿದ್ದರೆ ನಂಟಾಗುತ್ತದೆಯೇ

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್ಪೋರ್ಟ್ 1954ರಲ್ಲಿ ಮಂಡಿಸಿದ ಸಂಪರ್ಕ ಸಿದ್ಧಾಂತವನ್ನು ಹಲವರು ಅರ್ಧವೇ ನೆನಪಿಡುತ್ತಾರೆ. ಜನ ಹತ್ತಿರ ಬಂದರೆ ಪೂರ್ವಗ್ರಹ ಕರಗುತ್ತದೆ ಎಂದಷ್ಟೇ ಅವರು ಹೇಳಲಿಲ್ಲ. ಸಂಪರ್ಕದಲ್ಲಿರುವವರ ಸ್ಥಾನ ಸಮವಾಗಿರಬೇಕು, ಗುರಿ ಒಂದಿರಬೇಕು, ಅದಕ್ಕಾಗಿ ಕೂಡಿ ದುಡಿಯಬೇಕು, ಮೇಲಿನ ಸಂಸ್ಥೆಯ ಬೆಂಬಲವಿರಬೇಕು ಎಂಬ ನಾಲ್ಕು ಷರತ್ತುಗಳಿವೆ.

ಎಚ್‌ಡಿಬಿ ಬ್ಲಾಕಿನಲ್ಲಿ ಇವು ಅಲ್ಲಲ್ಲಿ ಈಡೇರುತ್ತವೆ. ಒಂದೇ ಬಗೆಯ ಫ್ಲಾಟು, ಒಂದೇ ಲಿಫ್ಟು, ಒಂದೇ ಕೈಸಾಲೆ. ನೆಲಮಹಡಿಯನ್ನು ಗೋಡೆಯಿಲ್ಲದೆ ಖಾಲಿ ಬಿಟ್ಟಿರುತ್ತಾರೆ, ಅದಕ್ಕೆ ವಾಯ್ಡ್ ಡೆಕ್ ಎಂದು ಹೆಸರು. ಈ ವಾರ ಅಲ್ಲಿ ಮಲಯ ಮದುವೆಯ ಊಟ, ಮುಂದಿನ ವಾರ ಚೀನೀ ಕುಟುಂಬವೊಂದರ ಸಾವಿನ ವಿಧಿಗಳು. ಬಡಾವಣೆಯನ್ನು ನೋಡಿಕೊಳ್ಳುವ ಟೌನ್ ಕೌನ್ಸಿಲಿನ ಅನುಮತಿ ಪಡೆದು ಯಾರು ಬೇಕಾದರೂ ಬಳಸಬಹುದು. ಪಕ್ಕದವರು ಹೇಗೆ ಮದುವೆಯಾಗುತ್ತಾರೆ, ಹೇಗೆ ಅಳುತ್ತಾರೆ ಎಂಬುದನ್ನು ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲೇ ನೋಡಿ ಬೆಳೆಯುತ್ತಾರೆ. ಈ ನೀತಿಯ ಅತ್ಯುತ್ತಮ ಫಲ ಯಾವುದೆಂದರೆ ಈ ಖಾಲಿ ನೆಲವನ್ನೇ ತೋರಿಸಬೇಕು.

ಆದರೆ ಗೋಡೆ ಒಂದೇ ಆದಾಗ ವಾಸನೆಯೂ ಸದ್ದೂ ದಾಟುತ್ತವೆ. ಚೀನಾದಿಂದ ಹೊಸದಾಗಿ ಬಂದ ಕುಟುಂಬವೊಂದು ಪಕ್ಕದ ಭಾರತೀಯ ಮನೆಯ ಸಾರಿನ ವಾಸನೆ ತಡೆಯಲಾಗದೆ ಸಮುದಾಯ ಸಂಧಾನ ಕೇಂದ್ರಕ್ಕೆ ಹೋಯಿತು. ಚೀನೀ ಕುಟುಂಬ ಮನೆಯಲ್ಲಿಲ್ಲದ ಹೊತ್ತಿನಲ್ಲಿ ಮಾತ್ರ ಭಾರತೀಯರು ಸಾರು ಮಾಡುವುದು, ಚೀನೀ ಕುಟುಂಬ ಅವರ ಅಡುಗೆಯ ರುಚಿ ನೋಡುವುದು ಎಂದು ಎರಡೂ ಕಡೆಯವರು ಒಪ್ಪಿಕೊಂಡರು. 2011ರಲ್ಲಿ ಈ ಹಳೆಯ ಒಪ್ಪಂದ ಪತ್ರಿಕೆಗೆ ಬಂದಾಗ ಜನ ಕೆರಳಿದರು. ಆಗಸ್ಟ್ 21ರಂದು ಎಲ್ಲರೂ ಸಾರು ಮಾಡಿ ಹಂಚಿಕೊಳ್ಳೋಣ ಎಂಬ ಕರೆಗೆ ಫೇಸ್‌ಬುಕ್ಕಿನಲ್ಲಿ ಹತ್ತಾರು ಸಾವಿರ ಜನ ಓಗೊಟ್ಟರು. ಅವರಲ್ಲಿ ಸಿಂಗಪುರದ ಚೀನೀಯರೂ ದೊಡ್ಡ ಸಂಖ್ಯೆಯಲ್ಲಿದ್ದರು.

ಈ ಘಟನೆಯಲ್ಲಿ ಗಡಿರೇಖೆ ಎಲ್ಲಿ ಬಿತ್ತು ಎಂಬುದನ್ನು ಗಮನಿಸಬೇಕು. ಚೀನೀ, ಭಾರತೀಯ ಎಂಬ ಗೆರೆಯ ಬದಲು ಇಲ್ಲಿ ಬೆಳೆದವರು, ಹೊಸದಾಗಿ ಬಂದವರು ಎಂಬ ಗೆರೆ ಎದ್ದಿತು. ಅಕ್ಕಪಕ್ಕ ಬದುಕಿದ ಎರಡು ತಲೆಮಾರಿನಲ್ಲಿ ಮಸಾಲೆಯ ಸಾರು ಎಲ್ಲರದೂ ಆಗಿತ್ತು. ಜನಾಂಗದ ಗಡಿಗಳು ಸರಿಯುತ್ತವೆ ಎಂಬುದಕ್ಕೆ ಇದು ಸಾಕ್ಷಿ. ಒಂದು ಕಡೆ ಕರಗಿದಾಗ ಇನ್ನೊಂದು ಕಡೆ ಹೊಸ ಗಡಿ ಹುಟ್ಟಬಹುದು ಎಂಬುದಕ್ಕೂ ಹೌದು. ಇನ್ನು ಸಂಧಾನದ ಶರತ್ತಿನ ಬಗ್ಗೆ: ಸಂಧಾನಕಾರರು ಅದನ್ನು ಹೇರಲಿಲ್ಲ, ಕುಟುಂಬಗಳೇ ಒಪ್ಪಿದ್ದು. ಆದರೂ ದಿನದ ಅಡುಗೆಯನ್ನು ಪಕ್ಕದವರ ಗಡಿಯಾರಕ್ಕೆ ಕಟ್ಟಿಹಾಕುವ ಒಪ್ಪಂದ ಬಹುಕಾಲ ಬಾಳುವಂಥದ್ದಲ್ಲ. ಕಿಟಕಿ ಬಾಗಿಲು ಯಾವಾಗ ಮುಚ್ಚಬೇಕು, ಹೊಗೆ ಎತ್ತುವ ಫ್ಯಾನ್ ಎಲ್ಲಿ ಹಾಕಬೇಕು ಎಂಬಲ್ಲಿಂದ ಶುರು ಮಾಡಿದ್ದರೆ ಭಾರ ಸಮನಾಗಿ ಬೀಳುತ್ತಿತ್ತು.

ಹತ್ತು ವರ್ಷದ ಮೇಲೆ, 2021ರಲ್ಲಿ, ಭಾರತೀಯರೊಬ್ಬರು ಬಾಗಿಲಲ್ಲಿ ಪೂಜೆಯ ಗಂಟೆ ಬಾರಿಸುವಾಗ ನೆರೆಮನೆಯವರು ಜಾಗಟೆ ಬಡಿಯುತ್ತಿದ್ದ ವಿಡಿಯೊ ಹರಡಿತು. ಮೂವತ್ತು ವರ್ಷದ ಮಿತಿ ನೀತಿ ಅವರಿಬ್ಬರನ್ನು ಅಕ್ಕಪಕ್ಕಕ್ಕೆ ತಂದಿತ್ತು. ಮುಂದಿನ ಕೆಲಸ ಮಾಡಲು ಅದಕ್ಕೆ ಕೈಗಳಿಲ್ಲ. ಆಲ್ಪೋರ್ಟ್ ಹೇಳಿದ ಸಮಾನ ಗುರಿ ಮತ್ತು ಕೂಡು ದುಡಿಮೆ ಶಾಲೆ, ಆಟದ ಮೈದಾನ, ನಿವಾಸಿಗಳ ಸಮಿತಿಗಳಲ್ಲಿ ಹುಟ್ಟಬೇಕು. ಅಲ್ಲಿಯೂ ಅಡ್ಡಿಗಳಿವೆ. 1979ರಲ್ಲಿ ಶುರುವಾದ ವಿಶೇಷ ನೆರವಿನ ಶಾಲೆಗಳು ಉನ್ನತ ಮಟ್ಟದ ಚೀನೀ ಭಾಷೆಯ ಸುತ್ತ ಕಟ್ಟಿದವು. ಹಾಗಾಗಿ ಅಲ್ಲಿ ಓದುವವರು ಹೆಚ್ಚುಕಡಿಮೆ ಎಲ್ಲ ಚೀನೀ ಮಕ್ಕಳೇ. ರಾತ್ರಿ ಬೆರೆತ ಬ್ಲಾಕಿನಲ್ಲಿ ಮಲಗುವ ಮಗು ಹಗಲೆಲ್ಲ ಒಂದೇ ಜನಾಂಗದ ತರಗತಿಯಲ್ಲಿ ಕೂರುತ್ತದೆ. 1964ರ ಗಲಭೆಯ ನೆನಪಿಗೆ ಜುಲೈ 21ರಂದು ಶಾಲೆಗಳಲ್ಲಿ ನಡೆಯುವ ಜನಾಂಗೀಯ ಸೌಹಾರ್ದ ದಿನಕ್ಕಿಂತ ವರ್ಷದ ಉಳಿದ ದಿನಗಳ ಆ ತರಗತಿಯ ಪ್ರಭಾವ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ.

ಕಾಂಡೊಮಿನಿಯಂ ಎಂಬ ಖಾಸಗಿ ಅಪಾರ್ಟ್‌ಮೆಂಟುಗಳಿಗೆ ಜನಾಂಗದ ಮಿತಿಯಿಲ್ಲ. ಬಾಡಿಗೆ ಮಾರುಕಟ್ಟೆಗೂ ಅದು ಸರಿಯಾಗಿ ತಲುಪುವುದಿಲ್ಲ. ಇಡೀ ಫ್ಲಾಟು ಬಾಡಿಗೆಗೆ ಕೊಡುವಾಗ ಮಲೇಷ್ಯಾದವರಲ್ಲದ ವಿದೇಶಿಯರ ಮೇಲೆ ನೆರೆಹೊರೆಗೆ ಶೇ. 8, ಬ್ಲಾಕಿಗೆ ಶೇ. 11ರ ಮಿತಿ 2014ರಿಂದ ಇದೆ. ಆದರೆ ಮನೆ ಮಾಲೀಕರು ‘ಭಾರತೀಯರಿಗೆ ಕೊಡುವುದಿಲ್ಲ’ ಎಂದು ಜಾಹೀರಾತಿನಲ್ಲೇ ಬರೆದ ಪ್ರಸಂಗಗಳು ಹಲವು ಬಾರಿ ಸುದ್ದಿಯಾಗಿವೆ. ಕೆಲಸಕ್ಕೆಂದು ಹೋದ ಕನ್ನಡಿಗರಿಗೆ ಸಿಂಗಪುರದ ಜನಾಂಗೀಯ ಸಂಬಂಧದ ಮೊದಲ ಪಾಠ ಸಿಗುವುದು ಹೆಚ್ಚಾಗಿ ಇಲ್ಲೇ, ‘ಮನೆಯಲ್ಲಿ ದಿನಾ ಅಡುಗೆ ಮಾಡುತ್ತೀರಾ’ ಎಂಬ ಪ್ರಶ್ನೆಯ ರೂಪದಲ್ಲಿ.

ಬೇರೆಡೆಗೆ ಒಯ್ಯಬಹುದೇ

ಬೇರೆ ದೇಶಗಳ ನಗರ ಯೋಜಕರು ಈ ನೀತಿಯನ್ನು ಆಸೆಯಿಂದ ನೋಡುತ್ತಾರೆ. ಅದು ನಿಂತಿರುವ ಕಂಬಗಳನ್ನು ಮೊದಲು ನೋಡಬೇಕು. ಭೂಮಿಯ ಬಹುಭಾಗ ಸರ್ಕಾರದ ಕೈಯಲ್ಲಿದೆ, 1966ರ ಭೂಸ್ವಾಧೀನ ಕಾಯ್ದೆ ಅದಕ್ಕೆ ದಾರಿ ಮಾಡಿತು. ಮನೆ ಕಟ್ಟುವ, ಹಂಚುವ, ಮಾರಾಟ ನೋಂದಾಯಿಸುವ ಸಂಸ್ಥೆ ಒಂದೇ. ಪ್ರತಿ ಪ್ರಜೆಯ ಜನಾಂಗ ದಾಖಲೆಯಲ್ಲಿದೆ. ಸರ್ಕಾರಿ ವಸತಿ ಬಡವರ ಕೇರಿಯಲ್ಲ, ಮಧ್ಯಮ ವರ್ಗವೂ ಅಲ್ಲೇ ಇದೆ. ಇದರಲ್ಲಿ ಒಂದು ಕಂಬ ಇಲ್ಲದಿದ್ದರೂ ಮಿತಿ ಸೋರುತ್ತದೆ. ಖಾಸಗಿ ಮನೆಗಳೇ ಹೆಚ್ಚಿರುವ ಊರಿನಲ್ಲಿ ಸರ್ಕಾರಿ ವಸತಿಗೆ ಮಾತ್ರ ಮಿತಿ ಹಾಕಿದರೆ ಅನುಕೂಲಸ್ಥ ಬಹುಸಂಖ್ಯಾತರು ಹೊರಗೆ ಹೋಗುತ್ತಾರೆ, ಒಳಗೆ ಉಳಿದವರಿಗಷ್ಟೇ ನಿರ್ಬಂಧ ಉಳಿಯುತ್ತದೆ.

ಇಷ್ಟು ಕುಂದುಗಳಿದ್ದೂ ಮಿತಿಯನ್ನು ತೆಗೆದುಹಾಕಬೇಕೆಂದು ನಾವು ಹೇಳುವುದಿಲ್ಲ. ಶೆಲ್ಲಿಂಗ್‌ನ ಹಲಗೆ ಸಿಂಗಪುರದಲ್ಲೂ ಹಾಗೇ ಇದೆ. ಕೊಂಡಿಯನ್ನು ಬಿಟ್ಟರೆ ಬಿಲ್ಲೆಗಳು ಮತ್ತೆ ಸರಿಯುತ್ತವೆ. ತಿದ್ದಬೇಕಾದದ್ದು ಬೆಲೆ ತೆರುವ ಕ್ರಮವನ್ನು. ಚೀನೀ ಮಿತಿ ತುಂಬಿದ ಬ್ಲಾಕಿನ ಅಲ್ಪಸಂಖ್ಯಾತ ಮಾಲೀಕರಿಗೆ ಮಂಡಳಿ ಕೊಳ್ಳುವ ಬೆಲೆ, ಅದೇ ಮಹಡಿಯಲ್ಲಿ ಚೀನೀ ಮಾಲೀಕರಿಗೆ ಮಾರುಕಟ್ಟೆ ಕೊಟ್ಟ ಬೆಲೆಗೆ ಸಮನಾಗಿರಬೇಕು. ಅದಕ್ಕಾಗಿ ಅವರು ತಮ್ಮ ಕಷ್ಟವನ್ನು ರುಜುವಾತು ಮಾಡುತ್ತ ಕೂರುವಂತಾಗಬಾರದು, ಮಿತಿ ತುಂಬಿದೆ ಎಂಬ ಮಂಡಳಿಯದೇ ದಾಖಲೆ ಸಾಕಾಗಬೇಕು.

ಅಲ್ಲಿಯವರೆಗೆ ನಮ್ಮ ಬ್ಲಾಕಿನ ಆ ಭಾರತೀಯ ಕುಟುಂಬಕ್ಕೆ ಇರುವ ದಾರಿಗಳು ಕೆಲವೇ. ಮಲಯ ಮತ್ತು ಭಾರತೀಯ ಖರೀದಿದಾರರಿಗೆ ತಲುಪುವಂತೆ ಜಾಹೀರಾತಿನಲ್ಲೇ ಯಾವ ಗುಂಪಿನವರು ಕೊಳ್ಳಬಹುದೆಂದು ಬರೆಯುವುದು. ಬದಲಿ ಮನೆಗೆ ಹಣ ಕಟ್ಟುವುದನ್ನು ಈ ಮಾರಾಟ ಖಚಿತವಾಗುವ ತನಕ ಮುಂದೂಡುವುದು. ಪ್ರಯತ್ನದ ದಾಖಲೆಗಳನ್ನು, ಅಂದರೆ ಜಾಹೀರಾತು, ಬಂದು ನೋಡಿದವರ ಪಟ್ಟಿ, ಬಂದ ಬೆಲೆಗಳನ್ನು ತಾರೀಖು ಸಮೇತ ಇಟ್ಟುಕೊಳ್ಳುವುದು, ಏಕೆಂದರೆ ಮೇಲ್ಮನವಿಗೂ ಮಂಡಳಿಯೇ ಕೊಳ್ಳುವ ವ್ಯವಸ್ಥೆಗೂ ಅವು ಬೇಕು. ಇದರ ನಡುವೆ ಯಾರಾದರೂ ಚೀನೀ ಮಾಲೀಕರು ಮಲಯ ಕುಟುಂಬಕ್ಕೋ ಭಾರತೀಯ ಕುಟುಂಬಕ್ಕೋ ಮಾರಿದರೆ 104 ಹೋಗಿ 103 ಆಗುತ್ತದೆ. ನೆರೆಹೊರೆಯ ಮಿತಿಯೂ ತುಂಬಿರದಿದ್ದರೆ ಆಗ ಒಬ್ಬ ಚೀನೀ ಖರೀದಿದಾರರಿಗೆ ಜಾಗ ತೆರೆಯುತ್ತದೆ. ಆ ಜಾಗ ಕಾಣಿಸುವುದು ಮುಂದಿನ ತಿಂಗಳ 1ನೇ ತಾರೀಖಿಗೆ. ಬ್ಲಾಕಿನ ಉಳಿದ ಹದಿನೈದು ಅಲ್ಪಸಂಖ್ಯಾತ ಕುಟುಂಬಗಳಲ್ಲಿ ಮಾರಬೇಕೆಂದು ಕಾದಿರುವವರಿಗೂ ಅದೇ ದಿನ, ಅದೇ ಒಂದು ಜಾಗ ಕಾಣಿಸುತ್ತದೆ.